ಹಳೆಯ ವಾಲ್ವ್ ಸ್ಟುಡಿಯೋ ಉಪಕರಣದಲ್ಲಿ ಹಮ್: ಕಂಡೆನ್ಸರ್ ಕೊಳ್ಳುವ ಮುನ್ನ ಮಾಡಬೇಕಾದ ಕೆಲಸ

ವಾಲ್ವ್ (ಟ್ರಾನ್ಸಿಸ್ಟರ್‌ಗೂ ಮುಂಚಿನ ಗಾಜಿನ ಎಲೆಕ್ಟ್ರಾನಿಕ್ ಕೊಳವೆ) ಪ್ರೀಆಂಪ್, ಕಂಪ್ರೆಸರ್, ಈಕ್ವಲೈಸರ್, ಟೇಪ್ ಮಷೀನಿನ ಆಂಪ್ಲಿಫೈಯರ್, ಯಾವುದೇ ಗುಂಯ್ ಎಂದರೂ ರಿಪೇರಿ ಅಂಗಡಿಯ ಮೊದಲ ಮಾತು ಒಂದೇ: ‘ಫಿಲ್ಟರ್ ಕಂಡೆನ್ಸರ್ ಹೋಗಿದೆ.’ ಸಪ್ಲೈನ ಏರಿಳಿತವನ್ನು ಸೋಸುವ ಕಂಡೆನ್ಸರ್ ಅದು. ಎಷ್ಟೋ ಸಲ ಆ ಮಾತು ನಿಜ. ಆದರೆ ಕಂಡೆನ್ಸರ್ ಎಲ್ಲಾ ಹೊಸದಾಗಿ ಹಾಕಿದ ಮೇಲೂ ಹಮ್ ಹಾಗೇ ಕೂತಿರುವ ಪೆಟ್ಟಿಗೆಗಳೂ ಬೇಕಾದಷ್ಟಿವೆ. ಹಮ್ ಒಳಗೆ ಬರಲು ಎಚ್‌ಟಿ (ಹೈ ಟೆನ್ಷನ್, ವಾಲ್ವ್‌ಗೆ ಬೇಕಾದ ಹೈ ವೋಲ್ಟೇಜ್ ಡಿಸಿ) ಸಪ್ಲೈ ಒಂದೇ ದಾರಿಯಲ್ಲ. ಹೀಟರ್ (ವಾಲ್ವ್ ಕಾಯಿಸುವ ಒಳಗಿನ ತಂತಿ), ಅರ್ಥಿಂಗ್, ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ವಾಲ್ವ್‌ನ ಒಳಗಿನ ಸೋರಿಕೆ ಎಲ್ಲವೂ ಕಿವಿಗೆ ಸುಮಾರಾಗಿ ಒಂದೇ ಥರ ಕೇಳುತ್ತವೆ. ಹಾಗಾಗಿ ಮೊದಲು ಹಮ್‌ನ ಫ್ರೀಕ್ವೆನ್ಸಿ, ಆಮೇಲೆ ಅದು ಸೇರುವ ಜಾಗ, ಕೊನೆಗೆ ಸೋಲ್ಡರಿಂಗ್ ಐರನ್. ಈ ಕ್ರಮ ತಪ್ಪಿದರೆ ದುಡ್ಡೂ ಹೋಗುತ್ತದೆ, ಮೂಲ ವೈರಿಂಗೂ ಕೆಡುತ್ತದೆ.

ಜೀವದ ವಿಷಯ ಮೊದಲು

ಈ ಪೆಟ್ಟಿಗೆಗಳ ಎಚ್‌ಟಿ ಸಾಮಾನ್ಯವಾಗಿ 250ರಿಂದ 450 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಅದು ಬಹಳ ಹೊತ್ತು ಉಳಿಯಬಹುದು, ಹಳೆಯ ಸೆಟ್‌ನಲ್ಲಿ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ತೆರೆದುಕೊಂಡಿದ್ದರಂತೂ (ಒಳಗೇ ತುಂಡಾಗಿದ್ದರಂತೂ) ಖಂಡಿತ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಇಳಿಸುವ ಅಭ್ಯಾಸ ಬಿಡಿ. ಅದರಿಂದ ಕಂಡೆನ್ಸರ್ ಒಳಗಿನ ಜೋಡಣೆ ಹಾಳಾಗುತ್ತದೆ, ಲೋಹದ ಚೂರು ಕಣ್ಣಿಗೆ ಹಾರುತ್ತದೆ. 10 ಕಿಲೋ ಓಂ, 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ಕ್ಲಿಪ್ ಹಾಕಿಟ್ಟುಕೊಳ್ಳಿ. ಮೊದಲು ಚಾಸಿಸ್‌ಗೆ, ಆಮೇಲೆ ಕಂಡೆನ್ಸರಿನ ಪ್ಲಸ್‌ಗೆ. ಐದು ಸೆಕೆಂಡ್ ಬಿಟ್ಟು ಮೀಟರಿನಲ್ಲಿ 5 ವೋಲ್ಟಿಗಿಂತ ಕಡಿಮೆ ಇದೆಯೇ ನೋಡಿ, ಪ್ರತಿಯೊಂದು ಕಂಡೆನ್ಸರಿನಲ್ಲೂ. ಎಲೆಕ್ಟ್ರೋಲಿಟಿಕ್‌ಗಳು ಖಾಲಿಯಾದ ಮೇಲೂ ತಾವಾಗಿ ಸ್ವಲ್ಪ ವೋಲ್ಟೇಜ್ ಏರಿಸಿಕೊಳ್ಳುತ್ತವೆ, ಆದ್ದರಿಂದ ಕೆಲಸ ಮುಗಿಯುವವರೆಗೂ ಕ್ಲಿಪ್ ಅಲ್ಲೇ ಇರಲಿ.

ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ಮೇನ್ಸ್ ಕಡಿಯುವ ಸ್ವಿಚ್) ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಎಚ್‌ಟಿ ಬರುವುದು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಿಂದ. ಆ ಕರೆಂಟ್ ನಿಮ್ಮ ಮೈಮೂಲಕ ಹರಿದು ಮತ್ತೆ ಸೆಕೆಂಡರಿಗೇ ಮರಳುತ್ತದೆ. ಮೇನ್ಸ್ ಕಡೆಯ ಇಎಲ್‌ಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ. ಸೆಟ್ ಆನ್ ಇರುವಾಗ ಒಂದು ಕೈ ಹಿಂದೆ, ಕಾಲಡಿ ಒಣ ರಬ್ಬರ್ ಮ್ಯಾಟ್, ಉಂಗುರ-ವಾಚು ಹೊರಗೆ. ಎಚ್‌ಟಿ ಅಳೆದು ಅಭ್ಯಾಸ ಇಲ್ಲದವರು ಮೂರನೇ ಹಂತದವರೆಗೆ, ಅದೂ ವಾಲ್ವ್ ಕೀಳುವ ಪರೀಕ್ಷೆಯವರೆಗೆ ಮಾತ್ರ ಮಾಡಿ, ಬರೆದುಕೊಂಡ ಫಲಿತಾಂಶವನ್ನು ಅನುಭವಿ ಮೆಕ್ಯಾನಿಕ್‌ಗೆ ಕೊಡುವುದು ಒಳ್ಳೆಯದು.

ಕೈಯಲ್ಲಿ ಇರಬೇಕಾದ್ದು

600 ವೋಲ್ಟಿಗಿಂತ ಹೆಚ್ಚು ತಾಳುವ ಡಿಜಿಟಲ್ ಮಲ್ಟಿಮೀಟರ್. 60 ವ್ಯಾಟ್ ಹಳೆಯ ಮಾದರಿ ಫಿಲಮೆಂಟ್ ಬಲ್ಬನ್ನು ಸೆಟ್‌ನೊಂದಿಗೆ ಸರಣಿಯಲ್ಲಿ ಹಾಕುವ ಸೀರೀಸ್ ಬೋರ್ಡ್ (ಎಲ್‌ಇಡಿ ಬಲ್ಬ್ ನಡೆಯದು). ಸಿಕ್ಕರೆ ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳುವ ಡಿಮ್ಮರ್‌ಸ್ಟ್ಯಾಟ್ ಒಂದು. 0.1 ಮತ್ತು 0.47 ಮೈಕ್ರೋಫ್ಯಾರಡ್, 630 ವೋಲ್ಟ್ ಪಾಲಿಯೆಸ್ಟರ್ ಕಂಡೆನ್ಸರ್ ಒಂದೊಂದು. ಎರಡನೇ ಮತ್ತು ಮೂರನೇ ಪಿನ್ ಮಧ್ಯೆ 150 ಓಂ ರೆಸಿಸ್ಟರ್ ಬೆಸೆದ ಖಾಲಿ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಮೈಕ್) ಪ್ಲಗ್. ಮೈಕ್ ಇನ್‌ಪುಟ್ ತೆರೆದಿಟ್ಟು ಹಮ್ ಅಳೆದರೆ ಅದು ಪೆಟ್ಟಿಗೆಯ ಹಮ್ ಅಲ್ಲ, ಕೋಣೆಯ ಹಮ್. ಇದಲ್ಲದೆ ಒಳ್ಳೆಯ ಹೆಡ್‌ಫೋನ್.

ಮೀಟರಿನ ಎಸಿ ರೇಂಜ್ ಡಿಸಿಯನ್ನು ತಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಸಿ ರೇಂಜಿನಲ್ಲಿ 9 ವೋಲ್ಟ್ ಬ್ಯಾಟರಿಗೆ ಎರಡೂ ದಿಕ್ಕಿನಲ್ಲಿ ಹಿಡಿಯಿರಿ. ಎರಡು ಸಲವೂ ಸೊನ್ನೆಗೆ ಇಳಿದು ನಿಂತರೆ ಸರಿ. ಒಂದು ದಿಕ್ಕಿನಲ್ಲಿ 18–20 ತೋರಿಸಿ ನಿಂತರೆ ಆ ಮೀಟರ್ ರಿಪಲ್ (ಡಿಸಿ ಮೇಲೆ ಉಳಿದ ಎಸಿ ಏರಿಳಿತ) ವಿಷಯದಲ್ಲಿ ಸುಳ್ಳು ಹೇಳುತ್ತದೆ, 0.1 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ಪ್ರೋಬ್‌ನೊಂದಿಗೆ ಸರಣಿಯಲ್ಲಿ ಹಾಕಿ ಬಳಸಿ.

ಹಂತ 1: ಪೆಟ್ಟಿಗೆಯ ಹೊರಗೆ ಹುಡುಕಿ

ಎಲ್ಲಾ ಕೇಬಲ್ ತೆಗೆದು, ಇನ್‌ಪುಟ್‌ಗೆ ಆ 150 ಓಂ ಪ್ಲಗ್ ಹಾಕಿ, ಔಟ್‌ಪುಟ್ ಮಾತ್ರ ಜೋಡಿಸಿ ಕೇಳಿ. ಹಮ್ ಮಾಯವಾದರೆ ದೋಷ ಒಳಗಿಲ್ಲ, ಬಹುಶಃ ಅರ್ಥ್ ಲೂಪ್ (ಎರಡು ದಾರಿಯಲ್ಲಿ ಅರ್ಥ್ ಆದ ಸೆಟ್‌ಗಳ ನಡುವೆ ಹರಿಯುವ ಕರೆಂಟ್). ಆಡಿಯೋ ಇಂಟರ್‌ಫೇಸ್, ಕಂಪ್ಯೂಟರ್, ವಾಲ್ವ್ ಸೆಟ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ ಬ್ಯಾಲೆನ್ಸ್ಡ್ ಕೇಬಲ್‌ನ ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಬಿಚ್ಚಿ, ಇಲ್ಲವೇ ಮಧ್ಯೆ 600 ಓಂ–600 ಓಂ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ ಕೀಳುವ ‘ಚಿಕಿತ್ಸೆ’ ನಮ್ಮ ಕಡೆ ತುಂಬಾ ನಡೆಯುತ್ತದೆ. ಹಮ್ ಹೋಗಬಹುದು, ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಲೀಕ್ ಆದ ದಿನ ಮೈಕ್ ಹಿಡಿದವರ ತುಟಿಗೆ ಫೇಸ್ ಬರುತ್ತದೆ. ಇದರಲ್ಲಿ ರಾಜಿ ಇಲ್ಲ.

ಮೈಸೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಸ್ಟುಡಿಯೋ ಮಾಡಿಕೊಂಡವರು ಸಾಕೆಟ್ಟಿನ ಅರ್ಥ್ ನಿಜಕ್ಕೂ ನೆಲದ ಅರ್ಥ್ ಗುಂಡಿಯವರೆಗೆ ಹೋಗಿದೆಯೇ ನೋಡಿಸಬೇಕು. ಮೂರನೇ ತೂತು ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ನ್ಯೂಟ್ರಲ್–ಅರ್ಥ್ ಮಧ್ಯೆ ಲೋಡ್ ಇರುವಾಗ ಒಂದೆರಡು ವೋಲ್ಟ್ ಸಹಜ; ಹತ್ತು ದಾಟಿದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿ ಇದೇ ಗತಿಯಾಗುತ್ತದೆ. ಗುಂಡಿಗೆ ನೀರು ಹಾಕಿದ ದಿನ ಹಮ್ ಕಡಿಮೆಯಾದರೆ ರೋಗ ಎಲ್ಲಿದೆ ಎಂದು ಗೊತ್ತಾಯಿತಲ್ಲ.

ಇನ್ನೊಂದು ಅಪರಾಧಿ ಮನೆಯ ಇನ್ವರ್ಟರ್. ಸ್ಕ್ವೇರ್‌ವೇವ್ ಇನ್ವರ್ಟರ್ ಮೇಲೆ ವಾಲ್ವ್ ಸೆಟ್ ನಡೆಸಿದರೆ ಹಮ್ ಅಲ್ಲ, ಜೀರುಂಡೆಯಂಥ ಕಿರಿಕಿರಿ ಬಝ್ ಬರುತ್ತದೆ. ಫ್ಯಾನ್ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್‌ಇಡಿ ಡ್ರೈವರ್‌ಗಳದ್ದೂ ಇದೇ ಬಗೆ. ಒಂದೊಂದಾಗಿ ಆರಿಸಿ ಕೇಳಿ. ಸ್ಟೆಬಿಲೈಸರನ್ನು ರ‍್ಯಾಕ್‌ನಿಂದ ಕನಿಷ್ಠ ಒಂದು ಮೀಟರ್ ದೂರ ಸರಿಸಿ. ಅದರ ಟ್ರಾನ್ಸ್‌ಫಾರ್ಮರ್ ಪಕ್ಕದ ಮೈಕ್ ಟ್ರಾನ್ಸ್‌ಫಾರ್ಮರಿಗೆ ನೇರ ಹಮ್ ತುಂಬುತ್ತದೆ.

ಹಂತ 2: 50 ಅಥವಾ 100?

ಮೇನ್ಸ್ 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ಫುಲ್‌ವೇವ್ ರೆಕ್ಟಿಫೈಯರ್ ಅದರ ಎರಡೂ ಅರ್ಧಗಳನ್ನು ಬಳಸುವುದರಿಂದ ಎಚ್‌ಟಿ ರಿಪಲ್ 100 ಹರ್ಟ್ಸ್. ರೋಗನಿರ್ಣಯದ ಅರ್ಧ ಕೆಲಸ ಈ ಒಂದು ವ್ಯತ್ಯಾಸದಲ್ಲೇ ಮುಗಿಯುತ್ತದೆ. (ಇಂದಿನ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ ಹೊರಟ ವಿದ್ಯುತ್ 25 ಹರ್ಟ್ಸಿನದು. ಆ ಲೈನಿನಲ್ಲಿ ಫುಲ್‌ವೇವ್ ರಿಪಲ್ 50 ಆಗುತ್ತಿತ್ತು, ಅದನ್ನು ಸೋಸಲು ಎರಡರಷ್ಟು ಕಂಡೆನ್ಸರ್ ಬೇಕಾಗುತ್ತಿತ್ತು.)

100 ಹರ್ಟ್ಸ್ ಎಂದರೆ ಹಾರ್ಮೋನಿಯಂ ಲೆಕ್ಕದ ಬಿಳಿ ಐದು, ಅಂದರೆ ಜಿ ಸ್ವರಕ್ಕಿಂತ ತುಸು ಮೇಲೆ. 50 ಹರ್ಟ್ಸ್ ಅದರ ಕೆಳಗಿನ ಸ್ಥಾಯಿಯ ಅದೇ ಸ್ವರ. ಒಂದು ಸ್ಥಾಯಿಯ ಅಂತರವಾದ್ದರಿಂದ ಕಿವಿ ಸುಲಭವಾಗಿ ಮೋಸ ಹೋಗುತ್ತದೆ, ಚಿಕ್ಕ ಸ್ಪೀಕರಿನಲ್ಲಂತೂ 50 ಕೇಳುವುದೇ ಇಲ್ಲ. ಲೈನ್ ಔಟ್‌ಪುಟ್ಟನ್ನು ಕಂಪ್ಯೂಟರಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ ನೋಡಿ. ಅಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಸಾಕು.

ಶುದ್ಧ 50 ದೊಡ್ಡದಾಗಿದ್ದರೆ ಹೀಟರ್, ಕಾಂತಕ್ಷೇತ್ರ, ತೆರೆದುಕೊಂಡ ಗ್ರಿಡ್ (ವಾಲ್ವ್‌ನ ಇನ್‌ಪುಟ್ ತುದಿ) ರೆಸಿಸ್ಟರ್, ಹಾಫ್‌ವೇವ್ ಬಯಾಸ್ (ಗ್ರಿಡ್‌ಗೆ ಕೊಡುವ ನೆಗೆಟಿವ್ ವೋಲ್ಟೇಜ್) ಸಪ್ಲೈ, ಇವುಗಳಲ್ಲೊಂದು. 100 ದೊಡ್ಡದಾಗಿ, ಜೊತೆಗೆ 200, 300 ಇಳಿಯುತ್ತಾ ಹೋದರೆ ಎಚ್‌ಟಿ ಫಿಲ್ಟರ್. 50ರಿಂದ ಶುರುವಾಗಿ ಸಾವಿರದಾಚೆಗೂ ಬಾಚಣಿಗೆಯ ಹಲ್ಲಿನಂತೆ ಗೆರೆಗಳಿದ್ದರೆ ಅರ್ಥ್ ಲೂಪ್ ಅಥವಾ ರೆಕ್ಟಿಫೈಯರಿನ ಚಾರ್ಜಿಂಗ್ ಕರೆಂಟ್ ತಪ್ಪು ವೈರಿನಲ್ಲಿ ಹರಿಯುತ್ತಿದೆ. ಒಂದು ಅಪವಾದ ನೆನಪಿರಲಿ: ಫುಲ್‌ವೇವ್ ರೆಕ್ಟಿಫೈಯರ್ ವಾಲ್ವ್‌ನ ಒಂದು ಪ್ಲೇಟ್ (ಎಲೆಕ್ಟ್ರಾನ್ ಸೇರುವ ತುದಿ) ಸತ್ತರೆ, ಅಥವಾ ನಾಲ್ಕು ಡಯೋಡಿನ ಬ್ರಿಡ್ಜಿನ ಒಂದು ಡಯೋಡ್ ತೆರೆದುಕೊಂಡರೆ, ಎಚ್‌ಟಿ ರಿಪಲ್ಲೇ 50 ಆಗಿಬಿಡುತ್ತದೆ. ಆಗ ಎಚ್‌ಟಿಯೂ ಸ್ವಲ್ಪ ಕುಸಿದಿರುತ್ತದೆ.

ಹಂತ 3: ಯಾವ ಸ್ಟೇಜ್‌ನಲ್ಲಿ ಸೇರುತ್ತಿದೆ

ಗೇನ್ ತಿರುಗಿಸಿ. ಹಮ್ ಅದರೊಂದಿಗೆ ಏರಿಳಿದರೆ ಕಂಟ್ರೋಲಿಗಿಂತ ಮುಂಚಿನ ಸ್ಟೇಜ್, ಕದಲದಿದ್ದರೆ ಆಮೇಲಿನದು.

ಮೊದಲ ವಾಲ್ವ್ ಕಿತ್ತು ಕೇಳಿ. (ಆಫ್ ಮಾಡಿ, ತಣ್ಣಗಾದ ಮೇಲೆ ಕೀಳಿ.) ಹಮ್ ನಿಂತರೆ ಅಲ್ಲಿಗೇ ಗಮನ, ನಿಲ್ಲದಿದ್ದರೆ ಮುಂದಿನದು. ಹೀಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದ ಸೆಟ್‌ಗಳಲ್ಲಿ ಇದು ನಡೆಯುವುದಿಲ್ಲ, ಒಂದು ಕಿತ್ತರೆ ಎಲ್ಲಾ ಆರುತ್ತವೆ. ವಾಲ್ವ್ ಕಿತ್ತಾಗ ಲೋಡ್ ಇಳಿದು ಎಚ್‌ಟಿ ಏರುತ್ತದೆ, ಹಾಗಾಗಿ ಪರೀಕ್ಷೆ ಒಂದೆರಡು ನಿಮಿಷದಲ್ಲಿ ಮುಗಿಯಲಿ.

ಇನ್ನೂ ನಿಖರವಾಗಿ ಬೇಕೆಂದರೆ ಗ್ರಿಡ್‌ನಿಂದ ಗ್ರೌಂಡಿಗೆ 0.47 ಮೈಕ್ರೋಫ್ಯಾರಡ್ ಕಂಡೆನ್ಸರ್ ಕ್ಲಿಪ್ ಮಾಡಿ, ಔಟ್‌ಪುಟ್ ಕಡೆಯಿಂದ ಹಿಂದಕ್ಕೆ ಬನ್ನಿ. ಪ್ರತಿ ಸಲ ಆಫ್ ಮಾಡಿ, ಚಾರ್ಜ್ ಇಳಿಸಿ ಕ್ಲಿಪ್ ಬದಲಿಸಿ. ನೇರವಾಗಿ ತಂತಿಯಿಂದ ಶಾರ್ಟ್ ಮಾಡಬೇಡಿ. ಹಿಂದಿನ ಪ್ಲೇಟ್‌ಗೆ ನೇರ ಜೋಡಿಸಿದ ಕ್ಯಾಥೋಡ್ ಫಾಲೋವರ್‌ನಲ್ಲಿ (ಔಟ್‌ಪುಟ್ಟನ್ನು ಕ್ಯಾಥೋಡ್‌ನಿಂದ, ಅಂದರೆ ಎಲೆಕ್ಟ್ರಾನ್ ಹೊರಡುವ ತುದಿಯಿಂದ, ತೆಗೆಯುವ ಸ್ಟೇಜ್) ಆ ಗ್ರಿಡ್ ನೂರಾರು ವೋಲ್ಟ್ ಮೇಲಿರುತ್ತದೆ. ಗ್ರಿಡ್ ಗ್ರೌಂಡ್ ಆದರೂ ಹಮ್ ಉಳಿದರೆ ಅದು ಆ ಸ್ಟೇಜಿನ ಪ್ಲೇಟ್, ಕ್ಯಾಥೋಡ್ ಅಥವಾ ಅದರ ಮುಂದಿನಿಂದ ಬರುತ್ತಿದೆ.

ವಾಲ್ವ್‌ನ ಮೇಲೇ ಅನುಮಾನ ಬಂದರೆ ಅದೇ ಮಾದರಿಯ ಇನ್ನೊಂದರೊಂದಿಗೆ ಜಾಗ ಅದಲುಬದಲು ಮಾಡಿ. ಬೆಂಗಳೂರಿನ ಬಿಇಎಲ್ ತಯಾರಿಸಿದ ಹಳೆಯ ಇಸಿಸಿ83ಗಳು ಗುಜರಿಯಲ್ಲಿ ಕಂಡರೆ ಈ ಪರೀಕ್ಷೆಗೆಂದೇ ಎತ್ತಿಟ್ಟುಕೊಳ್ಳಿ.

ಹಂತ 4: ಎಚ್‌ಟಿ ರಿಪಲ್ ಅಳೆಯುವುದು

ಸರ್ಕ್ಯೂಟ್ ಡಯಾಗ್ರಾಮ್ ಮುಂದಿಟ್ಟು ಪ್ರತಿ ಫಿಲ್ಟರ್ ಕಂಡೆನ್ಸರಿನಲ್ಲಿ ಡಿಸಿ ಮತ್ತು ಎಸಿ ಎರಡನ್ನೂ ಬರೆದುಕೊಳ್ಳಿ. ಎಷ್ಟಿದ್ದರೆ ಸರಿ ಎಂಬುದಕ್ಕೆ ಸುಲಭದ ಲೆಕ್ಕವಿದೆ: ರಿಪಲ್‌ನ ತುದಿಯಿಂದ ತುದಿಗೆ ವೋಲ್ಟೇಜ್ ಎಂದರೆ ಲೋಡ್ ಕರೆಂಟನ್ನು 100 ಮತ್ತು ಕಂಡೆನ್ಸರ್ ಬೆಲೆಯ ಗುಣಲಬ್ಧದಿಂದ ಭಾಗಿಸಿದಷ್ಟು. 10 ಮಿಲಿಆಂಪಿಯರ್ ಎಳೆಯುವ ಪ್ರೀಆಂಪ್, ಮೊದಲ ಕಂಡೆನ್ಸರ್ 32 ಮೈಕ್ರೋಫ್ಯಾರಡ್ ಆದರೆ ಸುಮಾರು 3 ವೋಲ್ಟ್. ಮೀಟರಿನ ಎಸಿ ರೇಂಜಿನಲ್ಲಿ ಅದು ಹತ್ತಿರಹತ್ತಿರ 0.9 ತೋರುತ್ತದೆ. ಅಲ್ಲಿಂದ 10 ಕಿಲೋ ಓಂ ದಾಟಿ ಇನ್ನೊಂದು 32 ಮೈಕ್ರೋಫ್ಯಾರಡ್. ಅದರ ರಿಯಾಕ್ಟನ್ಸ್ (ಎಸಿಗೆ ಒಡ್ಡುವ ತಡೆ) 100 ಹರ್ಟ್ಸಿನಲ್ಲಿ ಬರೇ 50 ಓಂ, ಆದ್ದರಿಂದ ರಿಪಲ್ 200ರಲ್ಲಿ ಒಂದು ಪಾಲಿಗೆ ಇಳಿದು 15 ಮಿಲಿವೋಲ್ಟ್ ಉಳಿಯುತ್ತದೆ.

ಈಗ ಎರಡೂ ಒಣಗಿ ಹತ್ತನೇ ಒಂದಕ್ಕೆ ಇಳಿದಿವೆ ಎನ್ನಿ. ಮೊದಲನೆಯದರಲ್ಲಿ ರಿಪಲ್ ಹತ್ತುಪಟ್ಟು, ಎರಡನೆಯದರ ಸೋಸುವಿಕೆ ಹತ್ತನೇ ಒಂದು. ಒಟ್ಟು ನೂರುಪಟ್ಟು, ಅಂದರೆ 40 ಡೆಸಿಬೆಲ್ ಹೆಚ್ಚು ಹಮ್. ನಿನ್ನೆ ಮೊನ್ನೆವರೆಗೆ ಚೆನ್ನಾಗಿದ್ದ ಸೆಟ್ ಇದ್ದಕ್ಕಿದ್ದಂತೆ ಕೂಗತೊಡಗಿದಂತೆ ಅನ್ನಿಸುವುದು ಇದಕ್ಕೇ: ಸವೆತ ನಿಧಾನ, ಆದರೆ ಸ್ಟೇಜ್‌ಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಮೊದಲನೆಯದರಲ್ಲಿ ಸರಿಯಾದ ರಿಪಲ್, ಎರಡನೆಯದರಲ್ಲಿ ಅತಿಯಾಗಿದ್ದರೆ ಎರಡನೆಯದು ಮಾತ್ರ ಹೋಗಿದೆ. ಎರಡರಲ್ಲೂ ಸರಿಯಿದ್ದು ಹಮ್ ಇದ್ದರೆ ಕಂಡೆನ್ಸರ್ ಮುಟ್ಟಬೇಡಿ, ಮುಂದಿನ ಹಂತಕ್ಕೆ ಹೋಗಿ.

ಆಸಿಲೋಸ್ಕೋಪ್ ಇರುವವರಿಗೆ ಒಂದು ಎಚ್ಚರಿಕೆ: ಎಸಿ ಕಪ್ಲಿಂಗ್‌ನಲ್ಲಿ ಹತ್ತುಪಟ್ಟಿನ ಪ್ರೋಬ್ ಹಾಕಿದರೂ ಪೂರ್ತಿ ಡಿಸಿ ಸ್ಕೋಪಿನ ಒಳಗಿನ ಕಪ್ಲಿಂಗ್ ಕಂಡೆನ್ಸರ್ ಮೇಲೆಯೇ ಬೀಳುತ್ತದೆ. ಮೊದಲು ಸ್ಕೋಪಿನ ಮಿತಿ ಓದಿ.

ಬದಲಿಸುವಾಗ: 32 ಮೈಕ್ರೋಫ್ಯಾರಡ್‌ಗೆ 33 ಸಾಕು, 50ಕ್ಕೆ 47 ಸಾಕು, ವೋಲ್ಟೇಜ್ 450 ಅಥವಾ 500, ಉಷ್ಣತೆ 105 ಡಿಗ್ರಿಯದು. ಹಳೆಯ ಡಬ್ಬಿಯಲ್ಲಿ ಎರಡು ಮೂರು ಕಂಡೆನ್ಸರ್ ಒಟ್ಟಿಗೆ ಇರುತ್ತವೆ, ಒಂದು ಹೋಗಿದ್ದರೆ ಉಳಿದವೂ ಅದೇ ವಯಸ್ಸಿನವು. ಡಬ್ಬಿಯನ್ನು ನೋಟಕ್ಕೆ ಬಿಟ್ಟು, ಅದರ ಸಂಪರ್ಕ ಪೂರ್ತಿ ಕತ್ತರಿಸಿ, ಹೊಸದನ್ನು ಚಾಸಿಸ್ ಕೆಳಗೆ ಟ್ಯಾಗ್ ಸ್ಟ್ರಿಪ್ ಮೇಲೆ ಕೂರಿಸಿ. ಹಳೆಯದರ ಮೇಲೇ ಹೊಸದನ್ನು ಪ್ಯಾರಲಲ್ ಬೆಸೆದು ಕೈತೊಳೆದುಕೊಳ್ಳುವುದು ಸೋಮಾರಿತನ. ಹಳೆಯದು ಮುಂದೆ ಶಾರ್ಟ್ ಆದಾಗ ರೆಕ್ಟಿಫೈಯರನ್ನೂ ಟ್ರಾನ್ಸ್‌ಫಾರ್ಮರನ್ನೂ ಎಳೆದುಕೊಂಡು ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದಾಗಲಿ, ಆನ್‌ಲೈನ್‌ನಲ್ಲಿ ತರಿಸಿದ್ದಾಗಲಿ, ಹಾಕುವ ಮುನ್ನ ಕೆಪಾಸಿಟೆನ್ಸ್ ಅಳೆಯಿರಿ. ಹೊಸ ಕವಚದೊಳಗೆ ಚಿಕ್ಕ ಕಂಡೆನ್ಸರ್ ತುರುಕಿದ ನಕಲಿಗಳು ಬರುತ್ತವೆ.

‘ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದಲ್ಲವೇ?’ ಮೊದಲ ಸ್ಥಾನದಲ್ಲಿ ಅಲ್ಲ. ರೆಕ್ಟಿಫೈಯರ್ ವಾಲ್ವ್‌ಗೆ ಮಿತಿಯಿದೆ: ಇಝಡ್80, ಇಝಡ್81ಕ್ಕೆ 50 ಮೈಕ್ರೋಫ್ಯಾರಡ್, ಜಿಝಡ್34ಕ್ಕೆ 60. ಮೀರಿದರೆ ಆನ್ ಮಾಡಿದ ಗಳಿಗೆಯ ಕರೆಂಟಿಗೆ ವಾಲ್ವ್ ಒಳಗೆ ಕಿಡಿ ಹಾರುತ್ತದೆ. ಸಿಲಿಕಾನ್ ಡಯೋಡ್ ಇದ್ದರೂ ಚಾರ್ಜಿಂಗ್ ಪಲ್ಸ್ ಚೂಪಾಗಿ ಬಝ್ ಹೆಚ್ಚುತ್ತದೆ. ಹೆಚ್ಚಿಸಲೇಬೇಕೆಂದರೆ ರೆಸಿಸ್ಟರ್ ಅಥವಾ ಚೋಕ್ (ಕಬ್ಬಿಣದ ಕೋರಿನ ಸುರುಳಿ) ದಾಟಿದ ನಂತರದ ಕಂಡೆನ್ಸರುಗಳಲ್ಲಿ ಹೆಚ್ಚಿಸಿ. ಚೋಕ್ ಇರಬೇಕಾದ ಕಡೆ ಯಾರೋ ರೆಸಿಸ್ಟರ್ ಹಾಕಿಟ್ಟಿದ್ದಾರೆಯೇ ಎಂದೂ ನೋಡಿ. 10 ಹೆನ್ರಿ ಚೋಕ್ 100 ಹರ್ಟ್ಸಿಗೆ 6,000 ಓಂಗೂ ಹೆಚ್ಚು ತಡೆ, ಡಿಸಿಗೆ ಕೆಲವೇ ನೂರು ಓಂ. ಅದರ ಜಾಗ ರೆಸಿಸ್ಟರ್ ತುಂಬಲಾರದು.

ಮೊದಲ ಸಲ ಆನ್ ಮಾಡುವುದು ಸೀರೀಸ್ ಬೋರ್ಡ್ ಮೂಲಕ. ಬಲ್ಬ್ ಒಮ್ಮೆ ಉರಿದು ಮಂಕಾದರೆ ಸರಿ, ಪೂರ್ತಿ ಬೆಳಗುತ್ತಲೇ ಇದ್ದರೆ ಶಾರ್ಟ್ ಇದೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ಡಿಮ್ಮರ್‌ಸ್ಟ್ಯಾಟ್‌ನಲ್ಲಿ ನಿಧಾನ ಏರಿಸಿ ಎನ್ನುತ್ತಾರೆ, ಆದರೆ ರೆಕ್ಟಿಫೈಯರ್ ವಾಲ್ವ್ ಇದ್ದರೆ ಅದರ ಹೀಟರ್ ಕಾಯುವವರೆಗೆ ಎಚ್‌ಟಿಯೇ ಬರುವುದಿಲ್ಲ, ಬಂದಾಗ ಒಮ್ಮೆಲೇ ಬರುತ್ತದೆ. ಅಂಥ ಕಂಡೆನ್ಸರನ್ನು ಹೊರಗಿನ ಡಿಸಿ ಸಪ್ಲೈನಿಂದ 47 ಕಿಲೋ ಓಂ ಮೂಲಕ 50 ವೋಲ್ಟ್ ಮೆಟ್ಟಿಲುಗಳಲ್ಲಿ ಏರಿಸಬೇಕು. ಆ ರೆಸಿಸ್ಟರ್ ಮೇಲೆ 47 ವೋಲ್ಟ್ ಕಂಡರೆ ಸೋರಿಕೆ 1 ಮಿಲಿಆಂಪಿಯರ್. ಗಂಟೆಗಳು ಕಳೆದರೂ ಅದು ಇಳಿಯದಿದ್ದರೆ ಕಂಡೆನ್ಸರ್ ಮುಗಿದಿದೆ.

ಹಂತ 5: ಹೀಟರ್

50 ಹರ್ಟ್ಸ್ ಸಿಕ್ಕಿ, ರಿಪಲ್ ಸರಿಯಿದ್ದರೆ ಮೊದಲ ಸ್ಟೇಜಿನ ಹೀಟರ್ ನೋಡಿ. 6.3 ವೋಲ್ಟ್ ವೈಂಡಿಂಗ್‌ನ ಸೆಂಟರ್ ಟ್ಯಾಪ್ (ನಡುಮಧ್ಯದ ತಂತಿ) ಗ್ರೌಂಡ್‌ನಿಂದ ಬಿಟ್ಟುಕೊಂಡಿದ್ದರೆ ಹಮ್ ಭಾರಿ ಏರುತ್ತದೆ. ಟ್ಯಾಪ್ ಇಲ್ಲದ ಟ್ರಾನ್ಸ್‌ಫಾರ್ಮರಿಗೆ ಎರಡು ತುದಿಯಿಂದ 100 ಓಂ, ಅರ್ಧ ವ್ಯಾಟ್ ರೆಸಿಸ್ಟರ್ ಒಂದೊಂದು ಗ್ರೌಂಡಿಗೆ. ಎರಡೂ ಒಂದೇ ಬೆಲೆಗೆ ಹೊಂದಿಸಿದವಾಗಿರಲಿ. ಇನ್ನೂ ನಯವಾಗಿ ಬೇಕೆಂದರೆ 220 ಓಂ ವೈರ್‌ವೌಂಡ್ ಪ್ರೀಸೆಟ್ ಹಾಕಿ, ನಡುವಿನ ಕಾಲು ಗ್ರೌಂಡಿಗೆ ಕೊಟ್ಟು, ಹಮ್ ಅತಿ ಕಡಿಮೆಯಾಗುವ ಜಾಗದಲ್ಲಿ ನಿಲ್ಲಿಸಿ.

ಅದರಿಂದಲೂ ಹೋಗದಿದ್ದರೆ ಹೀಟರ್‌ನಿಂದ ಕ್ಯಾಥೋಡಿಗೆ ಸೋರಿಕೆ ಇರಬಹುದು. ಮೊದಲು ಕ್ಯಾಥೋಡ್ ಬೈಪಾಸ್ ಕಂಡೆನ್ಸರ್ (ಸಾಮಾನ್ಯವಾಗಿ 25 ಮೈಕ್ರೋಫ್ಯಾರಡ್, 25 ವೋಲ್ಟ್) ಬದಲಿಸಿ. ಅದು ಒಣಗಿದಾಗ ಸೋರಿದ 50 ಹರ್ಟ್ಸ್ ಗ್ರೌಂಡಿಗೆ ಹೋಗದೆ ಸಿಗ್ನಲ್ ಸೇರುತ್ತದೆ. ಸಣ್ಣ ಭಾಗವೆಂದು ಎಲ್ಲರೂ ಮರೆಯುವುದು ಇದನ್ನೇ. ಆಮೇಲೆ ಹೀಟರ್ ಲೈನನ್ನೇ ಮೇಲಕ್ಕೆತ್ತಿ: 300 ವೋಲ್ಟ್ ಎಚ್‌ಟಿಯಿಂದ 270 ಕಿಲೋ ಓಂ (1 ವ್ಯಾಟ್), ಅಲ್ಲಿಂದ ಗ್ರೌಂಡಿಗೆ 47 ಕಿಲೋ ಓಂ ಮತ್ತು ಅದರ ಜೊತೆ 22 ಮೈಕ್ರೋಫ್ಯಾರಡ್, 100 ವೋಲ್ಟ್. ನಡುವೆ ಸಿಗುವ ಸುಮಾರು 44 ವೋಲ್ಟಿಗೆ ಸೆಂಟರ್ ಟ್ಯಾಪ್ ಜೋಡಿಸಿ, ಅದರ ಹಳೆಯ ಗ್ರೌಂಡ್ ಸಂಪರ್ಕ ತೆಗೆಯಿರಿ. ಹೀಟರ್ ಕ್ಯಾಥೋಡಿಗಿಂತ ಪಾಸಿಟಿವ್ ಆದಾಗ ಆ ಎಲೆಕ್ಟ್ರಾನ್ ಹರಿವು ನಿಲ್ಲುತ್ತದೆ.

ಮೊದಲ ವಾಲ್ವ್‌ಗೆ ಡಿಸಿ ಹೀಟರ್ ಕೊಡುವುದು ಕೊನೆಯ ಉಪಾಯ. 6.3 ವೋಲ್ಟ್ ಎಸಿಯನ್ನು ಬ್ರಿಡ್ಜ್ ಮಾಡಿ ಸೋಸಿದರೆ ಏಳೂವರೆ ವೋಲ್ಟ್ ಆಸುಪಾಸು ಬರುತ್ತದೆ. ಎಲ್‌ಎಂ317 ರೆಗ್ಯುಲೇಟರಿಗೆ ಅಷ್ಟು ಸಾಲದು, ಕಡಿಮೆ ಅಂತರದಲ್ಲೂ ನಡೆಯುವ ಲೋ ಡ್ರಾಪ್‌ಔಟ್ ರೆಗ್ಯುಲೇಟರ್ ಬೇಕು. ಡಿಸಿ ಮಾಡಿದಾಗ ವೈಂಡಿಂಗ್‌ನಿಂದ ಎಳೆಯುವ ಎಸಿ ಕರೆಂಟ್ ಡಿಸಿಯ ಒಂದೂಮುಕ್ಕಾಲು ಪಟ್ಟು, ಹಳೆಯ ಟ್ರಾನ್ಸ್‌ಫಾರ್ಮರ್ ಕಾದೀತು.

ಹಂತ 6: ಗ್ರೌಂಡ್ ವೈರ್ ಮತ್ತು ಕಾಂತಕ್ಷೇತ್ರ

ಹಿಂದಿನ ರಿಪೇರಿಯವರು ಹೊಸ ಕಂಡೆನ್ಸರಿನ ಮೈನಸ್ಸನ್ನು ಹತ್ತಿರ ಕಂಡ ಚಾಸಿಸ್ ಸ್ಕ್ರೂಗೆ ಬೆಸೆದಿದ್ದರೆ ಬಝ್‌ಗೆ ಅದೇ ಕಾರಣ. ಎಚ್‌ಟಿ ಸೆಂಟರ್ ಟ್ಯಾಪ್‌ನ ವೈರ್ ನೇರ ಮೊದಲ ಕಂಡೆನ್ಸರಿನ ಮೈನಸ್‌ಗೆ ಹೋಗಬೇಕು, ಗ್ರೌಂಡ್ ಲೈನ್ ಅಲ್ಲಿಂದ ಮುಂದಕ್ಕೆ ಹೊರಡಬೇಕು. ಸಿಗ್ನಲ್ ಗ್ರೌಂಡ್ ಚಾಸಿಸ್ ಸೇರುವುದು ಒಂದೇ ಕಡೆ, ಇನ್‌ಪುಟ್ ಬಳಿ. ತುಕ್ಕು ಹಿಡಿದ ಗ್ರೌಂಡ್ ಟ್ಯಾಗ್ ಉಜ್ಜಿ ಬಿಗಿ ಮಾಡಿದರೇ ಅರ್ಧ ಸೆಟ್‌ಗಳು ಸುಮ್ಮನಾಗುತ್ತವೆ ಎನ್ನಬೇಕು.

ವಾಲ್ವ್ ಎಲ್ಲಾ ಕಿತ್ತಿದ್ದರೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ 50 ಹರ್ಟ್ಸ್ ಕೇಳಿದರೆ ಅದು ಮೇನ್ಸ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ಸ್ಕ್ರೂ ಸಡಿಲಿಸಿ ಒಂದನ್ನು ನಿಧಾನ ತಿರುಗಿಸುತ್ತಾ ಹೋದರೆ ಹಮ್ ತೀರಾ ಇಳಿಯುವ ಕೋನ ಸಿಗುತ್ತದೆ, ಹೆಚ್ಚಾಗಿ 90 ಡಿಗ್ರಿ ಹತ್ತಿರ. ಮೈಕ್ ಟ್ರಾನ್ಸ್‌ಫಾರ್ಮರಿನ ಮ್ಯೂಮೆಟಲ್ (ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ) ಡಬ್ಬಿ ಕೆಳಗೆ ಬಿದ್ದು ಪೆಟ್ಟು ತಿಂದಿದ್ದರೆ ಅದರ ರಕ್ಷಣೆಯೂ ಕುಂದಿರುತ್ತದೆ.

ಕೊನೆಗೆ ಮೇನ್ಸ್ ವೋಲ್ಟೇಜ್

ಅಮೆರಿಕದ 117 ವೋಲ್ಟ್ ಸೆಟ್‌ಗಳನ್ನು ಸ್ಟೆಪ್‌ಡೌನ್ ಮೇಲೆ ನಡೆಸುವವರು ಗಮನಿಸಿ: ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸುತ್ತದೆ, 50ನ್ನು 60 ಹರ್ಟ್ಸ್ ಮಾಡುವುದಿಲ್ಲ. 60ಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಕಾಯುತ್ತದೆ, ಕೋರ್ ಗುಂಯ್‌ಗುಡುತ್ತದೆ, ಕ್ಷೇತ್ರವೂ ಹೆಚ್ಚು ಚೆಲ್ಲುತ್ತದೆ. 110ಕ್ಕೆ ಇಳಿಸಿ ನೋಡಿ, ಬಹಳಷ್ಟು ಶಾಂತವಾಗುತ್ತದೆ.

ಯುರೋಪಿನ ಸೆಟ್‌ಗಳಲ್ಲಿ ಹಿಂಭಾಗದ ವೋಲ್ಟೇಜ್ ಸೆಲೆಕ್ಟರ್ ನೋಡಿ. ಮಂಡ್ಯದ ಸುತ್ತಿನ ಹಳ್ಳಿ ಫೀಡರುಗಳಲ್ಲಿ ಪಂಪ್‌ಸೆಟ್ ಓಡುವಾಗ ವೋಲ್ಟೇಜ್ ಕುಸಿಯುತ್ತದೆ, ಅವು ನಿಂತ ಸರಿರಾತ್ರಿಯಲ್ಲಿ ಏರುತ್ತದೆ. ರೆಕಾರ್ಡಿಂಗ್ ನಡೆಯುವುದೂ ಆಗಲೇ. 220ರ ಟ್ಯಾಪ್‌ಗೆ 245 ಬಂದರೆ 6.3ರ ಹೀಟರಿಗೆ 7 ವೋಲ್ಟ್, 300ರ ಎಚ್‌ಟಿ 334 ಆಗುತ್ತದೆ. ಹೀಟರಿಗೆ ಹತ್ತು ಶೇಕಡಾ ಆಚೀಚೆ ಮಾತ್ರ ಸೈರಣೆ. ಸೆಲೆಕ್ಟರನ್ನು 240ಕ್ಕೆ ಇಡಿ. ರಿಪೇರಿ ಮುಗಿದ ಮೇಲೆ ಎರಡು ಗಂಟೆ ಓಡಿಸಿ ಹೀಟರ್, ಎಚ್‌ಟಿ, ರಿಪಲ್ ಮೂರನ್ನೂ ಮತ್ತೆ ಅಳೆಯಿರಿ, ಅದೇ ಅಳತೆಯನ್ನು ಒಮ್ಮೆ ಸಂಜೆ, ಒಮ್ಮೆ ರಾತ್ರಿ ಹನ್ನೊಂದರ ಮೇಲೆ ತೆಗೆದುಕೊಳ್ಳಿ. ರಾತ್ರಿಯ ಎಚ್‌ಟಿ ಕಂಡೆನ್ಸರಿನ ಮೇಲೆ ಬರೆದ ವೋಲ್ಟೇಜಿನ ಹತ್ತು ಶೇಕಡಾ ಒಳಗೆ ಬಂದುಬಿಟ್ಟಿದ್ದರೆ 450ರ ಬದಲು 500ರದ್ದನ್ನೇ ಹಾಕಿ.